ಅಜ್ಜ ಕರೆತಂದ ಸಾಕ್ಷಿಗಳು

ಊರಲ್ಲಿ ವಾಸವಿಲ್ಲ ಎಂದು ಬೀಡಿ ಗ್ರಾಮದ ಕುರಿಗಾರ ಬೀರಣ್ಣಜ್ಜನ ವೃದ್ಧಾಪ್ಯ ಪಿಂಚಣಿ ನಿಲ್ಲಿಸಿದ್ದರು. ಮೊಮ್ಮಗಳು ಅನುರಾಧಾ ಮೇಲ್ಮನವಿ ಬರೆದಳು. ಬರೆಯುವುದೇನೋ ಅವಳಿಗೆ ಸಲೀಸು. ಬೆಳಗಾವಿಯ ಕಚೇರಿಯಲ್ಲಿ ಸಾಹೇಬರ ಮುಂದೆ ನಿಂತಾಗ ಮಾತ್ರ ನಾಲಿಗೆ ಏಳಲಿಲ್ಲ.

ಸಾಕ್ಷಿಗೆಂದು ಅಜ್ಜ ಸುತ್ತಲಿನ ಊರುಗಳ ನಾಲ್ವರು ರೈತರನ್ನು ಕರೆತಂದಿದ್ದ.

"ಭಾಳ ಚಲೋ ಮನಿಷಾ ರೀ. ಗೊಬ್ಬರಕ್ಕಂತ ತಿಂಗಳಗಟ್ಟಲೆ ನಮ್ಮ ಹೊಲದಾಗ ಕುರಿ ತರುಬಿ ಅಲ್ಲೇ ಇದ್ದ," ಎಂದ ಹಲಸಿ ಊರಿನವನು.

"ಆಮ್ಯಾಲೆ ಎರಡು ತಿಂಗಳು ನಮ್ಮ ಹೊಲದಾಗ ಇದ್ದ," ಎಂದ ಇನ್ನೊಬ್ಬ. ಉಳಿದಿಬ್ಬರೂ ಹಾಗೇ ಹೊಗಳಿದರು. ಅಜ್ಜ ಮೀಸೆ ತಿರುವಿದ.

ಸಾಹೇಬರು ನಕ್ಕರು. "ಅಜ್ಜಾ, ನೀವು ಊರಾಗ ಇರೂದಿಲ್ಲಂತ ನಾವು ಹೇಳಿದ್ವಿ. ಇವರೂ ಅದನ್ನ ಹೇಳಾಕತ್ತಾರಲ್ಲ! ಇವರು ನಿಮ್ಮ ಸಾಕ್ಷಿನೋ, ನಮ್ಮ ಸಾಕ್ಷಿನೋ?"

ಅಜ್ಜನ ಮುಖ ಇಳಿಯಿತು. ಅದನ್ನು ನೋಡಲಾರದೆ ಅನುರಾಧಾ ಬಾಯಿಬಿಟ್ಟಳು: "ಸರ್, ಇವರ ಊರಾಗ ಅಜ್ಜಗ ಏನಂತ ಕರೀತಾರ, ಕೇಳ್ರಿ."

"ಬೀಡಿ ಬೀರಣ್ಣ!" ನಾಲ್ವರೂ ಒಮ್ಮೆಲೇ ಕೂಗಿದರು.

"ಹಬ್ಬ ಬಂತಂದ್ರ ಎಷ್ಟು ತಡದ್ರೂ ನಿಲ್ಲಂಗಿಲ್ರೀ, ಬೀಡಿಗೆ ಹೊಂಟಬಿಡ್ತಾನ," ಎಂದು ಹಲಸಿಯವನು ಸೇರಿಸಿದ.

ಸಾಹೇಬರು ಗುಮಾಸ್ತನತ್ತ ತಿರುಗಿದರು. "ಬರಕೋರಿ, ಖಾಯಂ ವಾಸ ಬೀಡಿ. ಪಿಂಚಣಿ ಚಾಲೂ ಮಾಡ್ರಿ."

ಹೊರಗೆ ಬಂದ ಮೇಲೆ ಅಜ್ಜ ಮೊಮ್ಮಗಳ ಬೆನ್ನಿಗೊಂದು ಗುದ್ದಿದ. "ಎಲಾ ಹುಡುಗಿ, ನಿನಗ ಬಾಯಿ ಐತಿ ಅಂತ ಇವತ್ತ ಗೊತ್ತಾತು ನೋಡು!"