ಅಮಸಿದ್ದಪ್ಪನ ಹೊಸ್ತಿಲು

ನಾಲ್ವರು ಅಮಸಿದ್ದಪ್ಪನ ಹೆಣ ಎತ್ತಿಕೊಂಡು ಅಂಗಳದ ಬೇವಿನಕಟ್ಟೆಯಿಂದ ಬಾಗಿಲವರೆಗೆ ಬಂದಾಗಿತ್ತು. ಮುಂದಿನವನು ಇನ್ನೇನು ಒಳಗೆ ಕಾಲಿಡಬೇಕು, ಅಷ್ಟರಲ್ಲಿ ಸತ್ತವನ ಹೆಂಡತಿ ಮಾಯವ್ವ ಎರಡೂ ತೋಳು ಚಾಚಿ ಬಾಗಿಲಿಗೆ ಅಡ್ಡ ನಿಂತಳು.

"ಒಳಗ ತರಬ್ಯಾಡ್ರಿ," ಎಂದಳು.

ಹೊತ್ತವರು ಮುಖ ಮುಖ ನೋಡಿಕೊಂಡರು. ಅಪ್ಪನ ತಲೆಯ ಕಡೆಗೆ ಹೆಗಲು ಕೊಟ್ಟಿದ್ದವನು ಮಗ ಹಣಮೇಶ. ಅತ್ತು ಅತ್ತು ಅವನ ದನಿ ಬಿದ್ದುಹೋಗಿತ್ತು.

"ಯವ್ವಾ, ಹಾದಿ ಬಿಡು. ಮಳಿ ಅನ್ನಲಿಲ್ಲ, ಥಂಡಿ ಅನ್ನಲಿಲ್ಲ, ಕಟ್ಟಿ ಮ್ಯಾಲ ಬಿದ್ದ. ಈಗರ ಒಂದ ತಾಸು ತನ್ನ ಪಡಸಾಲ್ಯಾಗ ಕುಂದರಲಿ."

"ಕುಂದರಲಿ ಅಂತ ನನಗಿಲ್ಲೇನು? ಅಂವ ಏನ ಆಣಿ ಮಾಡಿದ್ದ ಅನ್ನೂದು ಊರಿಗೆಲ್ಲಾ ಗೊತ್ತೈತಿ."

ಗೊತ್ತಿತ್ತು. ಗೊತ್ತಿಲ್ಲದಿದ್ದರೆ ಅದು ಮೂಲೆಯಲ್ಲಿ ಕಟ್ಟಿದ್ದ ಕುರಿಮರಿಗಳಿಗೆ ಮಾತ್ರ. ಹೆಣವನ್ನು ಮತ್ತೆ ಕಟ್ಟೆಗೆ ಒಯ್ದು ಕಂಬಳಿಯ ಮೇಲೆ ಮಲಗಿಸಿದರು.

*

ಅಮಸಿದ್ದಪ್ಪ ಬೀರಪ್ಪನ ಗುಡಿಯ ಹಿರಿಯನಾಗಿದ್ದ. ಯಾರ ಜಗಳವಿರಲಿ, ಅವನು ಹೇಳಿದ್ದೇ ಕೊನೆಯ ಮಾತು. ತನ್ನವರು, ಮಂದಿ ಎಂದು ಭೇದ ಮಾಡಿದವನಲ್ಲ. ಅವನಿಗಿದ್ದ ಬಿಂಕ ಒಂದೇ: ಹಟ್ಟಿಯಲ್ಲಿ ಕಣ್ಣು ಮುಚ್ಚಿ ನಿಂತು, ಬೆನ್ನು ಸವರಿ, ಇದು ಇಂಥ ಕುರಿಯ ಮರಿ ಎಂದು ಹೇಳುವುದು. ಕಣ್ಣಿಗೆ ಪೊರೆ ಬಂದ ಮೇಲೂ ಅದನ್ನೇ ನೆಚ್ಚಿಕೊಂಡ. ಬಾಗಲಕೋಟೆಯ ದವಾಖಾನೆಗೆ ಹೋಗೋಣವೆಂದು ಹೇಳಿ ಹೇಳಿ ಮಾಯವ್ವನ ಬಾಯಿ ಸೋತಿತ್ತು.

"ಕುರಿ ಕಾಯವಗ ಕೈ ಸಾಕು. ಕಣ್ಣ ಕಾಣೂದಿಲ್ಲ ಅಂತ ಯಾರ ಮುಂದರ ಅಂದಿ, ನೋಡ ಮತ್ತ."

ಅವಳು ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತೆಂದು ಇವತ್ತಿಗೂ ತನ್ನನ್ನೇ ಬೈದುಕೊಳ್ಳುತ್ತಾಳೆ.

ಒಂದು ಮಳೆಗಾಲದಲ್ಲಿ ದೇವರ ಟಗರು ಕಾಣೆಯಾಯಿತು. ಕಿವಿ ಸೀಳಿ, ಬೆನ್ನಿಗೆ ಅರಿಸಿನದ ಭಂಡಾರ ಹಚ್ಚಿ ಬೀರಪ್ಪನ ಹೆಸರಿನಲ್ಲಿ ಬಿಟ್ಟ ಟಗರು ಅದು. ಯಾರ ಹೊಲ ಮೇಯ್ದರೂ ಕೇಳುವವರಿಲ್ಲ, ಯಾರ ಹಿಂಡಿನಲ್ಲಿ ಮಲಗಿದರೂ ಎಬ್ಬಿಸುವವರಿಲ್ಲ. ಕದ್ದು ಮಾರಿದ್ದಾರೆಂದು ಸುದ್ದಿಯಾಗಿ, ಊರಲ್ಲಿ ಒಬ್ಬರನ್ನು ಕಂಡರೆ ಒಬ್ಬರಿಗೆ ಸಂಶಯವಾಯಿತು. ಅಮಸಿದ್ದಪ್ಪ ಗುಡಿಯ ಮುಂದೆ ಎಲ್ಲರನ್ನೂ ಕೂಡಿಸಿ, ಭಂಡಾರವನ್ನು ಮುಷ್ಟಿಯಲ್ಲಿ ಹಿಡಿದ.

"ದೇವರ ಟಗರ ಮಾರಿದಂವ ಯಾವನ ಇರಲಿ, ನನ್ನ ಮಗನ ಇರಲಿ, ಇವತ್ತಿನಿಂದ ಅಂವ ತನ್ನ ಮನಿ ಹೊಸ್ತಿಲ ದಾಟಬಾರದು. ಸತ್ತರ ಅವನ ಹೆಣಾನೂ ದಾಟಬಾರದು. ಬೀರಪ್ಪನ ಆಣಿ."

ವಾರ ಕಳೆದಿರಬೇಕು, ಇಳಕಲ್ಲಿನ ಕುರಿ ವ್ಯಾಪಾರಿ ಫಾರೂಕ ಬಂದ. ಅಮೀನಗಡದ ಸಂತೆಯಲ್ಲಿ ಸುದ್ದಿ ಕೇಳಿ ಓಡಿಬಂದಿದ್ದ. ಅಂಗಳದಲ್ಲಿ ಅಮಸಿದ್ದಪ್ಪನೆದುರು ತಲೆ ತಗ್ಗಿಸಿ ನಿಂತ.

"ಕಾಕಾ, ಆ ಟಗರು ನನಗ ಸಿಕ್ಕದ್ದು ನಿಮ್ಮ ಹಿಂಡಿನಾಗರಿ. ಮಳಿಗೆ ಭಂಡಾರ ತೊಳದ ಹೋಗಿತ್ತು. ಸೀಳಗಿವಿ ನಿಮ್ಮ ಹಿಂಡಿನ ಗುರ್ತ ಅಂತ ತಿಳಕೊಂಡ್ನಿ. ಹಗ್ಗ ನನ್ನ ಕೈಯಾಗ ಕೊಟ್ಟವ್ರು..."

"ಯಾರು? ಹೇಳ."

"ನೀವರಿ."

ಮಾರುವಾಗ ಅಮಸಿದ್ದಪ್ಪ ತನ್ನದೇ ಟಗರೆಂದು ಬೆನ್ನು ಸವರಿದ್ದ, ಕಿವಿ ಸವರಿರಲಿಲ್ಲ. ಈಗ ತನ್ನ ಎರಡೂ ಕೈಗಳನ್ನು ಕಣ್ಣಿನ ಹತ್ತಿರ ತಂದು ಬಹಳ ಹೊತ್ತು ನೋಡಿದ. ಆಮೇಲೆ ಒಳಗಿದ್ದ ಹೆಂಡತಿಯನ್ನು ಕೂಗಿದ.

"ಏ, ನನ್ನ ಕಂಬಳಿ ಹೊರಗ ಕೊಡು."

ಗೊತ್ತಿಲ್ಲದೆ ಆದದ್ದು, ದೇವರಿಗೆ ತಪ್ಪುಕಾಣಿಕೆ ಇಟ್ಟು ಮುಗಿಸೆಂದು ಊರೇ ಬಂದು ಹೇಳಿತು. "ಬ್ಯಾರೆದಂವ ಗೊತ್ತಿಲ್ಲದ ಮಾರಿದ್ದರ ನಾ ಬಿಡತಿದ್ದಿಲ್ಲ," ಎಂದವನು ಮತ್ತೆ ಆ ಮಾತೆತ್ತಲಿಲ್ಲ. ಮಳೆ ಜೋರಾದ ದಿನ ಮಾಯವ್ವನೂ ಕಟ್ಟೆಗೆ ಹೋಗಿ ಅದೇ ಕಂಬಳಿಯೊಳಗೆ ಕೂರುತ್ತಿದ್ದಳು. ಮುದುಕರಿಗೆ ಹೊಸ ಲಗ್ನವಾಗಿದೆ ಎಂದು ಓಣಿಯ ಹೆಂಗಸರು ನಕ್ಕರೆ ತಾನೂ ನಗುತ್ತಿದ್ದಳು. ಒಳಗೆ ಬಂದು ಅಳುತ್ತಿದ್ದಳು.

*

ಬಿಸಿಲೇರಿತು. ಮರೋಳದ ಬೀಗರು ಬಸ್ಸಿಳಿದು ಬಂದರು. ಹಿತ್ತಲ ಬಾಗಿಲಿನಿಂದ ಒಯ್ಯೋಣವೆಂದು ಯಾರೋ ಅಂದರು. ಅಲ್ಲಿಯೂ ಹೊಸ್ತಿಲಿದೆಯಲ್ಲ ಎಂದು ಇನ್ನಾರೋ ಅಂದರು. ಹುನಗುಂದದ ಕಾಲೇಜಿಗೆ ಹೋಗುವ ಮೊಮ್ಮಗಳು ಲಲಿತಾ ಅಜ್ಜಿಯ ಪಕ್ಕದಲ್ಲಿ ಕುಳಿತಿದ್ದಳು.

"ಆಯಿ, ನಮಗ ಗ್ರೀಕರ ನಾಟಕದ ಪಾಠ ಇತ್ತು," ಎಂದಳು ಮೆಲ್ಲಗೆ. "ಅದರಾಗ ಒಬ್ಬ ದೊಡ್ಡ ಮನಿಶಾ ಇರತಾನ. ಭಾಳ ಛಲೋ ಮನಿಶಾ, ಆದರ ಒಂದ ಕಡೆ ತಪ್ಪತಾನ. ತಾ ಹಾಕಿದ ಉರಲಿಗೆ ತಾನ ಸಿಗತಾನ. ಅವಗ ದುರಂತ ನಾಯಕ ಅಂತಾರ. ನಮ್ಮ ಮುತ್ಯಾನೂ ಹಂಗ."

"ಅವನ ಹೇಂತಿ ಏನ ಮಾಡತಾಳ?"

ಲಲಿತಾ ನೆನಪಿಸಿಕೊಂಡಳು. "ಅಳತಾಳ. ಇಲ್ಲಾ ಸಾಯತಾಳ."

"ಅಷ್ಟನ?"

"ಪಾಠದಾಗ ಅಷ್ಟ ಇತ್ತು."

"ಹಂಗಾರ ಪಾಠ ಬರದಂವ ಮನಿ ನಡಿಸಿದಂವ ಅಲ್ಲ ಬಿಡು."

ಅಷ್ಟರಲ್ಲಿ ಅಮಸಿದ್ದಪ್ಪನ ಗೆಳೆಯ ಅಂದಾನಪ್ಪ ಎದ್ದು ಬಂದ. ಹಣೆಯ ವಿಭೂತಿ ಬೆವರಿಗೆ ಕರಗಿತ್ತು. "ಮಾಯವ್ವಾ, ಉಸರ ಹೋದ ಮ್ಯಾಲ ಆಣಿನೂ ಹೋದಂಗ. ನನ್ನ ಮಾತ ಕೇಳು, ಒಳಗ ತರಸು."

"ಅಣ್ಣಾರ, ಮಾತಿನ ಸಲುವಾಗಿ ಅಂವ ಮನಿ ಬಿಟ್ಟ. ಈಗ ಅವಗ ಬಾಯಿಲ್ಲ ಅಂತ ನಾ ಮಾತ ತಪ್ಪಸಲೇನು?"

ಮಾಯವ್ವ ಬಾಗಿಲ ಕಡೆಗೆ ನೋಡಿದಳು. ನಸುಕಿನಲ್ಲಿ ಎದ್ದು ತೊಳೆದು, ಅರಿಸಿನ ಕುಂಕುಮ ಹಚ್ಚಿ, ಅವಳ ಕೈಯೇ ನುಣ್ಣಗೆ ಮಾಡಿದ ಹೊಸ್ತಿಲು ಅಲ್ಲಿತ್ತು.

"ಹಣಮೇಶಾ, ಕಬ್ಬಣದ ಹಾರಿ ತಾ."

"ಯಾಕಬೇ?"

"ನಿಮ್ಮಪ್ಪ ಹೊಸ್ತಿಲ ದಾಟೂದಿಲ್ಲ ಅಂದಾನ. ಹೊಸ್ತಿಲ ಕೀಳು."

ಅಂದಾನಪ್ಪ ತಡೆದು ತಡೆದು ಹೇಳಿದ: "ತಂಗೀ, ಹೊಸ್ತಿಲ ಕಿತ್ತರ ಬಾಳೇವು ಮುಗದ ಮನಿ ಅಂತಾರ."

"ಮುಗದೈತಲ್ಲರಿ," ಎಂದಳು ಮಾಯವ್ವ.

ಹಣಮೇಶ ಹಾರೆ ತಂದ. ಹಳೆಯ ಕಟ್ಟಿಗೆ, ಸುಲಭಕ್ಕೆ ಜಗ್ಗಲಿಲ್ಲ. ಅಂದಾನಪ್ಪ ರುಮಾಲು ಬಿಚ್ಚಿಟ್ಟು ತಾನೂ ಹಾರೆಗೆ ಕೈ ಹಾಕಿದ. ಇಬ್ಬರೂ ಮೀಟಿದಾಗ ಮಣ್ಣಿನ ಸಮೇತ ಹೊಸ್ತಿಲು ಎದ್ದು ಬಂತು. ಬಾಗಿಲಲ್ಲಿ ಹಸಿಮಣ್ಣಿನ ತಗ್ಗು ಉಳಿಯಿತು. ಆ ತಗ್ಗಿನ ಮೇಲಿಂದ ಅಮಸಿದ್ದಪ್ಪನನ್ನು ಮನೆಯೊಳಗೆ ತಂದು ಪಡಸಾಲೆಯ ಗೋಡೆಗೆ ಒರಗಿಸಿ ಕೂರಿಸಿದರು.

ಮಾಯವ್ವ ಬಿಸಿನೀರಿನಲ್ಲಿ ಸೆರಗು ಅದ್ದಿ ಅವನ ಮುಖ ಒರೆಸಿದಳು. ಕೈಗಳನ್ನು ಒಂದೊಂದಾಗಿ ತೊಡೆಯ ಮೇಲಿಟ್ಟುಕೊಂಡು ಬೆರಳು ಬೆರಳು ಒರೆಸಿದಳು. ಹಣೆಗೆ ಭಂಡಾರ ಹಚ್ಚಿ, ಅವನಿಗೆ ಮಾತ್ರ ಕೇಳುವಂತೆ, "ಬಂದಿ?" ಎಂದಳು. ಆಗ ಅವಳಿಗೆ ಅಳು ಒತ್ತರಿಸಿ ಬಂತು.

ಹೊತ್ತು ಇಳಿದ ಮೇಲೆ ಮಣ್ಣು ಕೊಟ್ಟು ಎಲ್ಲರೂ ಮರಳಿದರು. ಬೇವಿನಕಟ್ಟೆಯ ಮೇಲೆ, ಅವನು ಮಲಗುತ್ತಿದ್ದ ಕಡೆ, ಯಾರೋ ಆ ಹೊಸ್ತಿಲನ್ನು ಉದ್ದಕ್ಕೆ ಇಟ್ಟಿದ್ದರು. ಮಾಯವ್ವ ಅಂಗಳದಲ್ಲಿ ಕಾಲು ತೊಳೆದುಕೊಂಡು, ಅವನು ಕೂತಿದ್ದ ಜಾಗಕ್ಕೆ ದೀಪ ಹಚ್ಚಲು ಒಳಗೆ ಹೊರಟಳು. ಬಾಗಿಲಲ್ಲಿ ಹೊಸ್ತಿಲಿರಲಿಲ್ಲ. ಅವಳ ಕಾಲು ಮಾತ್ರ ಎಂದಿನಂತೆ ಎತ್ತರಕ್ಕೆ ಎದ್ದು ದಾಟಿತು.