ಬಾಗಿಲ ಬದಿಯ ಜಾಗ

ಕುಶಲಾ ಮೇಸ್ತ್ರಿಯಾದಳೆಂದು ಗೊತ್ತಾದಾಗ ಕಾಫಿ ಗುದಾಮಿನ ಹೆಂಗಸರು ತಮಗೇ ಏನೋ ಸಿಕ್ಕಿದ ಹಾಗೆ ಹಿಗ್ಗಿದರು. ಅಲ್ಲಿಯವರೆಗೆ ಮೇಸ್ತ್ರಿ ಎಂದರೆ ಗಂಡಸು. ಬೆನ್ನ ಹಿಂದೆ ನಿಂತು ಕೆಮ್ಮುವುದು, ಬೆತ್ತದ ತುದಿಯಿಂದ ತಪ್ಪು ತೋರಿಸುವುದು, ಮಧ್ಯಾಹ್ನ ಗಂಜಿಗೆ ಎದ್ದವರು ಕೈ ತೊಳೆಯುವ ಮೊದಲೇ ಬಾಗಿಲಲ್ಲಿ ನಿಂತು ಹುಬ್ಬು ಗಂಟಿಕ್ಕುವುದು, ಅವರ ಮೇಸ್ತ್ರಿಕೆ ಅಷ್ಟೇ. ಈಗ ತಮ್ಮ ಸಾಲಿನಲ್ಲಿಯೇ ಕಾಲು ಮಡಚಿ ಕೂತು ಬೀಜ ಹೆಕ್ಕಿದವಳು ಎದ್ದು ಮೇಜಿನ ಹಿಂದೆ ನಿಂತಳು. ಅದೇ ಸಾಲಿನ ಕ್ರಿಸ್ತಾನ ಹೆಂಗಸು ರೊಸಾಲಿನ್ ಬಾಯಿ; ಅವಳ ನಾಲಗೆಗೆ ಮೊದಲಿನಿಂದಲೂ ಉಪ್ಪು ಸ್ವಲ್ಪ ಹೆಚ್ಚು. "ಇನ್ನು ನಮ್ಮ ಕುಶಲ ಕೆಮ್ಮಲಿಕ್ಕೆ ಕಲೀಬೇಕು," ಎಂದಳು. ಎಲ್ಲರೂ ನಕ್ಕರು. ಕುಶಲಾಳೂ ನಕ್ಕಳು.

ಅದು ಮಂಗಳೂರಿನ ಹೊಳೆಬದಿಯಲ್ಲಿ ಕಾಫಿ ಗುದಾಮುಗಳು ತುಂಬಿದ್ದ ಕಾಲ. ಒಂದು ದೊಡ್ಡ ಯುದ್ಧ ಮುಗಿದಿತ್ತು, ಇನ್ನೊಂದು ಶುರುವಾಗಿರಲಿಲ್ಲ. ಘಟ್ಟದ ಮೇಲಿನ ತೋಟಗಳಿಂದ ಬಂದ ಕಾಫಿ ಅಂಗಳದಲ್ಲಿ ಒಣಗಿ, ಮಿಷನ್ನಿನಲ್ಲಿ ಸಿಪ್ಪೆ ಕಳೆದುಕೊಂಡು, ಕೊನೆಗೆ ಹೆಂಗಸರ ಮಡಿಲಿನ ಬಿದಿರು ಗೆರಸೆಗೆ ಬರುತ್ತಿತ್ತು. ಒಡಕು ಬೀಜ, ಕಪ್ಪು ಬೀಜ, ಹುಳ ತಿಂದ ಬೀಜ ಎಲ್ಲ ಹೆಕ್ಕಿ ತೆಗೆದು ಚೊಕ್ಕ ಮಾಡಿದ ಮಾಲು ಬಂದರಿನಿಂದ ಮಂಜಿ ದೋಣಿ ಹತ್ತಿ, ನಡುಗಡಲಲ್ಲಿ ನಿಂತ ಹಡಗು ಸೇರಿ, ಬಿಳಿಯರ ದೇಶಕ್ಕೆ ಹೋಗುವುದು.

ಕುಶಲಾಳ ಸಾಲು ಬಾಗಿಲಿನಿಂದ ಹಿಡಿದು ಒಳಗಿನ ಗೋಡೆಯವರೆಗೆ ಉದ್ದಕ್ಕೆ ಕೂರುತ್ತಿತ್ತು. ಬಾಗಿಲ ಬದಿಯಲ್ಲಿ ಬೆಳಕು, ಹೊಳೆಯ ಗಾಳಿ. ಅದು ರೊಸಾಲಿನ್ ಬಾಯಿಯ ಜಾಗ. ಗೋಡೆಯ ಬುಡದಲ್ಲಿ ಮಬ್ಬು, ಸೆಕೆ. ಅಲ್ಲಿ ಕಿನ್ನಿ ಕೂರುತ್ತಿದ್ದಳು. ಕೆಲಸದ ನಡುವೆ ಯಾರೂ ಏಳಬಾರದೆಂದು ಕಟ್ಟಳೆ; ಎದ್ದರೆ ಸೆರಗು ತಾಗಿ ಬೀಜ ಚೆಲ್ಲುತ್ತದೆ. ಹಾಗಾಗಿ ಹೆಕ್ಕಿ ಮುಗಿದ ಗೆರಸೆ ಒಬ್ಬಳ ಮಡಿಲಿನಿಂದ ಇನ್ನೊಬ್ಬಳ ಮಡಿಲಿಗೆ ದಾಟುತ್ತಾ ದಾಟುತ್ತಾ ಬಾಗಿಲಲ್ಲಿದ್ದ ಮೇಸ್ತ್ರಿಯ ಮೇಜಿಗೆ ಬರಬೇಕು.

ಕಿನ್ನಿ ಎಂದರೆ ತುಳುವಿನಲ್ಲಿ ಚಿಕ್ಕದು. ಹೆಸರು ಹಾಗೆ, ಆದರೆ ಸಾಲಿಗೆಲ್ಲ ಹಿರಿಯಳು ಅವಳೇ. ಬೊಂಬಾಯಿಗೆ ಹೋದ ಗಂಡ ತಿರುಗಿ ಬಾರದೆ ಕುಶಲಾ ಕಂಗಾಲಾಗಿದ್ದಾಗ ಕೈಹಿಡಿದು ಗುದಾಮಿಗೆ ಕರೆತಂದವಳು ಕಿನ್ನಿಯಕ್ಕ. ತನ್ನ ಪಕ್ಕ ಕೂರಿಸಿಕೊಂಡು, ತನ್ನ ಗೆರಸೆಯಲ್ಲೇ ಕೈ ಹಾಕಿಸಿ ಹೆಕ್ಕಲು ಕಲಿಸಿದಳು. ಅವಳಿಗೆ ಹಿಂದೆ ಮುಂದೆ ಯಾರೂ ಇರಲಿಲ್ಲ. ಗುದಾಮಿನ ಕೂಲಿಯಿಂದ ಅವಳ ಒಲೆ ಉರಿಯಬೇಕು. ಕೂಲಿ ನಿಂತರೆ ಒಲೆಯೂ ನಿಂತಿತು.

ಈಚೆಗೆ ಕಿನ್ನಿಯಕ್ಕನ ಕಣ್ಣಿಗೆ ಪೊರೆ ಬರುತ್ತಿತ್ತು. ಅದು ಅವಳೊಬ್ಬಳನ್ನು ಬಿಟ್ಟು ಎಲ್ಲರಿಗೂ ಗೊತ್ತಿತ್ತು. ಗುದಾಮಿನ ಗೋಡೆಗೆ ಸುಣ್ಣ ಕಾಣಿಸದೆ ಎಷ್ಟು ಕಾಲವಾಯಿತು, ಒಳಗೆ ಕತ್ತಲೆ ತುಂಬಿದೆ ಎಂದು ಅವಳು ಕಂಪೆನಿಯವರನ್ನು ಬೈಯುತ್ತಿದ್ದಳು. ಒಡಕು ಬೀಜ ಬೆರಳಿಗೆ ಸಿಗುತ್ತದೆ, ಹುಳದ ತೂತೂ ಸಿಗುತ್ತದೆ. ಕಪ್ಪು ಬೀಜವನ್ನು ಮಾತ್ರ ಕಣ್ಣೇ ಹಿಡಿಯಬೇಕು. ಅದು ಅವಳ ಗೆರಸೆಯಲ್ಲಿ ಉಳಿದುಬಿಡುತ್ತಿತ್ತು.

ಕೆಲಸ ಕಲಿತ ಮೇಲೆ ಸಾಲಿನ ನಡುವೆ ಕೂರುತ್ತಿದ್ದ ಕುಶಲಾ, ಕಿನ್ನಿಯಕ್ಕನ ಗೆರಸೆ ತನ್ನ ಮಡಿಲಿಗೆ ಬಂದಾಗ ಒಂದು ಕ್ಷಣ ನಿಲ್ಲಿಸಿ, ಸಮ ಮಾಡುವವಳ ಹಾಗೆ ಅಲ್ಲಾಡಿಸಿ, ಕಂಡ ಕಪ್ಪು ಬೀಜಗಳನ್ನು ತೆಗೆದು ಮುಂದೆ ಸಾಗಿಸುತ್ತಿದ್ದಳು. ಬೀಜ ಹೆಚ್ಚಿರುತ್ತಿರಲಿಲ್ಲ. ಇದನ್ನು ಯಾರಿಗೂ ಹೇಳಿರಲಿಲ್ಲ. ಕಿನ್ನಿಯಕ್ಕನ ಅನ್ನ ತನ್ನ ಎರಡು ಬೆರಳಿನ ಮೇಲೆ ನಿಂತಿದೆ ಎಂದು ಅವಳು ಮನಸ್ಸಿನಲ್ಲೇ ನಂಬಿಕೊಂಡಿದ್ದಳು.

ಮೇಸ್ತ್ರಿಕೆ ಬಂದ ಸಂಜೆ ಹಂಪನಕಟ್ಟೆಯ ಏರು ಹತ್ತಿ ಮನೆಗೆ ಹೋಗುವಾಗ ಅವಳನ್ನು ಹಿಡಿದದ್ದು ಇದೇ ಚಿಂತೆ. ಇನ್ನು ತಾನು ಸಾಲಿನಲ್ಲಿ ಕೂರುವ ಹಾಗಿಲ್ಲ. ಆ ಕಪ್ಪು ಬೀಜ ಯಾರು ತೆಗೆಯುವುದು? ಇನ್ನೊಬ್ಬರ ಕೆಲಸ ಮಾಡಲು ಯಾರಿಗೆ ಬಿಡುವಿದೆ? ಯೋಚಿಸಿ ಯೋಚಿಸಿ ಅವಳಿಗೆ ಒಂದು ದಾರಿ ಕಂಡಿತು. ಕಿನ್ನಿಯಕ್ಕನನ್ನು ಬಾಗಿಲ ಬದಿಗೆ ಕೂರಿಸಿದರೆ ಕಣ್ಣಿಗೆ ಬೆಳಕಾಗುತ್ತದೆ. ಗೆರಸೆಯೂ ನೇರ ತನ್ನ ಕೈಗೇ ಬರುತ್ತದೆ. ಇಷ್ಟು ಸುಲಭದ್ದು ಹಿಂದಿನ ಮೇಸ್ತ್ರಿಗಳಿಗೆ ಏಕೆ ಹೊಳೆಯಲಿಲ್ಲ ಎಂದು ಅವಳಿಗೆ ಹೆಮ್ಮೆಯೂ ಆಯಿತು.

ಮರುದಿನ ಬೆಳಿಗ್ಗೆ ರೊಸಾಲಿನ್ ಬಾಯಿಯನ್ನು ಗೋಡೆಯ ಬುಡಕ್ಕೆ ಹೋಗಲು ಹೇಳಿದಳು. ರೊಸಾಲಿನ್ ತನ್ನ ಚಾಪೆಯ ತುಂಡನ್ನು ಸುರುಳಿ ಸುತ್ತಿ, ಒಂದು ಮಾತೂ ಆಡದೆ ಹೋಗಿ ಕೂತಳು. ಅವಳು ಜಗಳ ತೆಗೆಯಲಿಲ್ಲವೆಂದು ಕುಶಲಾಳಿಗೆ ಸಮಾಧಾನವಾಯಿತು. ಮಾತಾಡುವವಳು ಮಾತಾಡದೆ ಹೋದರೆ ಹೆದರಬೇಕೆಂಬ ಬುದ್ಧಿ ಆಗ ಇರಲಿಲ್ಲ.

ಕಿನ್ನಿಯಕ್ಕ ಗಾಳಿಗೆ ಮುಖ ಕೊಟ್ಟು ಕೂತು, ತನ್ನ ಕೈಯಲ್ಲಿ ಕಲಿತವಳು ತನ್ನನ್ನು ಮರೆಯಲಿಲ್ಲ ಎಂದು ಹತ್ತಿರದವರಿಗೆಲ್ಲ ಹೇಳಿದಳು. ಸ್ವಲ್ಪ ಹೊತ್ತಿನಲ್ಲಿ ಅವಳ ಗೆರಸೆ ಮೇಜಿಗೆ ಬಂತು. ಕುಶಲಾ ನೋಡಿ ದಂಗಾದಳು. ಕಪ್ಪು ಬೀಜ ಒಂದೆರಡಲ್ಲ, ಗೆರಸೆಯ ತುಂಬ ಎಳ್ಳು ಚೆಲ್ಲಿದ ಹಾಗೆ. ಮೊದಲು ತನ್ನ ಮಡಿಲಿಗೆ ಬರುವಾಗ ಇಷ್ಟು ಇರಲಿಲ್ಲವಲ್ಲ. ಬೆಳಕಿನ ಪ್ರಖರತೆಗೆ ಇನ್ನೂ ಕಣ್ಣು ಮಂಜಾಯಿತೋ ಏನೋ ಎಂದು ತನಗೆ ತಾನೇ ಸಮಜಾಯಿಷಿ ಹೇಳಿಕೊಂಡು, ಗೆರಸೆಯನ್ನು ಮೇಜಿನ ಕೆಳಗಿಟ್ಟು ಬಗ್ಗಿ ಹೆಕ್ಕತೊಡಗಿದಳು. ಅಷ್ಟರಲ್ಲಿ ಬೇರೆಯವರ ಗೆರಸೆಗಳು ಮೇಜಿನ ಮೇಲೆ ರಾಶಿಯಾದವು. ಅವನ್ನು ಸರಿಯಾಗಿ ನೋಡಲು ಪುರುಸೊತ್ತಾಗಲಿಲ್ಲ. ಹೀಗೆಯೇ ಕೆಲವು ದಿನ ನಡೆಯಿತು. ಮೇಸ್ತ್ರಿ ತಲೆಯೆತ್ತುವುದಿಲ್ಲವೆಂದು ಗೊತ್ತಾದ ಮೇಲೆ ಸಾಲಿನವರ ಬೆರಳುಗಳೂ ಸಡಿಲವಾದವು. ಅದಕ್ಕೆ ಅವರನ್ನು ದೂರುವುದೂ ಸರಿಯಲ್ಲ.

ಮೇಸ್ತ್ರಿಗಳ ಮೇಲಿನ ಅಧಿಕಾರಿ ವಾಲ್ಟರ್ ಪೊರ್ಬು. ಊರಿನ ಕ್ರಿಸ್ತಾನ, ಕೋಟು ಹಾಕುವವನು, ಕೆಟ್ಟವನಲ್ಲ. ಆದರೆ ಅವನ ಮೇಲೆ ಬಿಳಿ ದೊರೆ. ಹಡಗಿಗೆ ಹೋಗಬೇಕಾದ ಮೂಟೆಯೊಂದನ್ನು ಬಿಚ್ಚಿಸಿ ನೋಡಿದಾಗ ಕಪ್ಪು ಬೀಜ ಸಿಕ್ಕಿತೆಂದೂ, ದೊರೆ ತನ್ನನ್ನು ನಿಲ್ಲಿಸಿ ಬೈದನೆಂದೂ ಅವನು ಕುಶಲಾಳನ್ನು ಕರೆದು ಹೇಳಿದ. ಯಾರ ಗೆರಸೆಯಿಂದ ಬರುತ್ತಿದೆ ಎಂದು ಪತ್ತೆ ಮಾಡಲು ಹೇಳಿಹೋದ.

ಆ ಮಧ್ಯಾಹ್ನ ಗಂಜಿಯ ಹೊತ್ತಿಗೆ ಕುಶಲಾ ರೊಸಾಲಿನ್ ಪಕ್ಕ ಹೋಗಿ ಕೂತು, ತನ್ನ ಕಷ್ಟ ಹೇಳಿಕೊಂಡಳು. ಸಾಲಿನಲ್ಲಿದ್ದಾಗ ಕಿನ್ನಿಯಕ್ಕನ ಗೆರಸೆಯನ್ನು ತಾನೇ ಚೊಕ್ಕ ಮಾಡುತ್ತಿದ್ದುದನ್ನೂ ಬಾಯಿಬಿಟ್ಟಳು.

ರೊಸಾಲಿನ್ ಉಪ್ಪಿನಕಾಯಿಯ ಹೋಳನ್ನು ನಿಧಾನಕ್ಕೆ ಚೀಪಿದಳು. "ನೀನೊಬ್ಬಳೇ ಮಾಡಿದ್ದು ಅಂತ ಎಣಿಸಿದ್ದೀಯಾ?"

ಕುಶಲಾ ಗಂಜಿಯ ಬಟ್ಟಲು ಕೆಳಗಿಟ್ಟು ಅವಳ ಕಡೆ ತಿರುಗಿದಳು.

"ನಿನ್ನಿಂದ ಆಚೆ ಗೋಡೆವರೆಗೆ ಕೂತವರು ತೆಗೆದು ತೆಗೆದು ನಿನ್ನ ಮಡಿಲಿಗೆ ಕಳಿಸಿದ್ದು. ನೀನು ಬಿಟ್ಟದ್ದನ್ನು ಈಚೆಯವರು ತೆಗೆದದ್ದು. ಬಾಗಿಲಲ್ಲಿ ಕಡೇ ಕೈ ನನ್ನದು. ಬೆಳಕಲ್ಲಿ ಕೂತವಳಿಗೆ ಕಾಣ್ತದಲ್ಲ, ಉಳಿದದ್ದೆಲ್ಲ ನಾನೇ ತೆಗೀತಿದ್ದೆ. ನಾನೂ ನಿನ್ನ ಹಾಗೆ, ನಾನೊಬ್ಬಳೇ ಅಂತ ಎಣಿಸಿದ್ದೆ. ಅವಳನ್ನು ನೀನು ಎತ್ತಿ ಈಚೆ ಇಟ್ಟ ಮೇಲೆ ಒಬ್ಬೊಬ್ಬರೇ ಬಾಯಿಬಿಟ್ಟರು, ಆಗ ಗೊತ್ತಾಯ್ತು."

"ಹೇಳಬಾರದಿತ್ತಾ ಮಾರಾಯ್ತಿ?"

"ನೀನು ಕೇಳಿದ್ದೀಯಾ? ಚೆನ್ನೆಮಣೆ ಆಟದ ಕಾಯಿ ಹಾಗೆ ನನ್ನನ್ನು ಎತ್ತಿ ಆ ಗುಳಿಗೆ ಹಾಕಿದಿ. ಕಾಯಿ ಮಾತಾಡ್ತದಾ?"

ಕುಶಲಾ ಗಂಜಿ ಬಿಟ್ಟು ಎದ್ದಳು. ಸುಲಭವೆಂದುಕೊಂಡಳು, ಪಾಪ. ಹಾಳು ಮಾಡಿದ್ದನ್ನು ಹಾಗೆಯೇ ತಿರುಗಿಸಿಟ್ಟರೆ ಮುಗಿಯಿತಲ್ಲ. ಮರುದಿನ ರೊಸಾಲಿನ್ ಬಾಗಿಲಿಗೆ, ಕಿನ್ನಿಯಕ್ಕ ಗೋಡೆಗೆ. ಕಿನ್ನಿಯಕ್ಕನಿಗೆ ಮಾತ್ರ ಕಾರಣ ಹೇಳುವಂತಿರಲಿಲ್ಲ. ನಾಲ್ಕು ದಿನದ ಗಾಳಿ ತೋರಿಸಿ ಮೂಲೆಗೆ ತಳ್ಳಿದಳೆಂದು ಅವಳು ಮುಖ ಊದಿಸಿಕೊಂಡು ಚಾಪೆ ಎಳೆದುಕೊಂಡು ಹೋದಳು.

ಗೆರಸೆ ಮೊದಲಿನ ಹಾಗೆಯೇ ಮಡಿಲಿನಿಂದ ಮಡಿಲಿಗೆ ದಾಟಿತು. ಕುಶಲಾ ಮೇಜಿನ ಹಿಂದಿನಿಂದ ನೋಡುತ್ತಿದ್ದಳು. ಯಾವ ಮಡಿಲಲ್ಲಿಯೂ ಅದು ನಿಲ್ಲಲಿಲ್ಲ. ಬಿಸಿ ಪಾತ್ರೆಯನ್ನು ದಾಟಿಸುವ ಹಾಗೆ ದಾಟಿಸಿದರು. ಮೇಜಿಗೆ ಬಂದಾಗ ಅದೇ ಎಳ್ಳು.

ಅವರ ಮನಸ್ಸು ಕಲ್ಲಾಗಿರಲಿಲ್ಲ. ಅದೇ ಹೆಂಗಸರು ಬುತ್ತಿಯ ಮೀನನ್ನು ಕಿನ್ನಿಯಕ್ಕನಿಗೆ ಮುಳ್ಳು ಬಿಡಿಸಿ ಕೊಡುತ್ತಿದ್ದರು. ಆದರೆ ಈ ಮಾತು ಈಗ ಎಲ್ಲರ ಬಾಯಲ್ಲಿತ್ತು. ಪ್ರತಿಯೊಬ್ಬಳಿಗೂ ಪಕ್ಕದವಳಿದ್ದಾಳೆ ಎಂದು ಗೊತ್ತಿತ್ತು. ಅವಳು ತೆಗೆಯಲಿ, ನಾನೇಕೆ? ಅಲ್ಲದೆ ಈಗ ಅದು ಮೇಸ್ತ್ರಿಯ ಕಣ್ಣ ಮುಂದೆ, ಮೇಸ್ತ್ರಿಗೆ ಬೇಕಾದವಳಿಗೆ ಮಾಡುವ ಚಾಕರಿಯ ಹಾಗೆ ಕಾಣುತ್ತಿತ್ತು. ಪೊರ್ಬು ಹಿಡಿದರೆ ಎಲ್ಲರೂ ಕೂಡಿ ಮಾಡಿದ ಮೋಸವಾಗುತ್ತದೆ ಎಂಬ ಭಯವೂ ಸೇರಿತು.

ಕುಶಲಾ ಒಬ್ಬೊಬ್ಬರನ್ನೂ ಮೆಲ್ಲನೆ ಬೇಡಿಕೊಂಡಳು. ಅದು ಸಾಗದಾಗ ಸರದಿ ಮಾಡಿದಳು, ಇವತ್ತು ನೀನು, ನಾಳೆ ಅವಳು ಎಂದು. "ಆಯ್ತು ಮೇಸ್ತ್ರಿ," ಎಂದರು. ಮೊದಲು ಅವರ ಬಾಯಲ್ಲಿ ಅವಳು ಕುಶಲಕ್ಕ. ಸರದಿಯವಳು ನಾಲ್ಕು ಬೀಜ ತೆಗೆದು ತನ್ನ ಪಾಲು ಮುಗಿಯಿತೆಂದು ಸಾಗಿಸುತ್ತಿದ್ದಳು. ಉಳಿದವರು ತಮ್ಮ ಸರದಿಯಲ್ಲವೆಂದು ನೋಡುತ್ತಲೂ ಇರಲಿಲ್ಲ. ಈ ಪಿಸುಮಾತೆಲ್ಲ ಕಿನ್ನಿಯಕ್ಕನ ಕಿವಿಗೆ ಬೀಳುತ್ತಿತ್ತು. ಕಣ್ಣು ಹೋದವಳ ಕಿವಿ ಚುರುಕು. ತನ್ನ ಮೇಲೆ ಏನೋ ಮಸಲತ್ತು ನಡೆಯುತ್ತಿದೆ ಎಂದು ಅವಳಿಗೆ ಅನಿಸಿತು.

ಬಂದರಿನ ಹಮಾಲಿಗಳ ಮುಖ್ಯಸ್ಥ ಅಹ್ಮದ್ ಬಾವ ಮೂಟೆ ಸಾಗಿಸಲು ತನ್ನ ಜನರೊಂದಿಗೆ ಗುದಾಮಿಗೆ ಬರುತ್ತಿದ್ದ. ಅವನ ಗುಂಪಿನಲ್ಲಿ ಜಗಳವಾದದ್ದನ್ನು ಯಾರೂ ಕೇಳಿರಲಿಲ್ಲ. ಕುಶಲಾ ಅವನನ್ನು ಗೇಟಿನ ಬಳಿ ನಿಲ್ಲಿಸಿ, ಜನರನ್ನು ಹೇಗೆ ನಡೆಸುವುದೆಂದು ಕೇಳಿದಳು. ಅವನು ಪೂರ್ತಿ ಕೇಳಿಸಿಕೊಂಡ.

"ನನ್ನ ಜನದಲ್ಲಿ ಒಬ್ಬನಿಗೆ ಸೊಂಟ ಹೋಗಿದೆ," ಎಂದ. "ಅವನ ತಲೆಗೆ ಯಾವಾಗ್ಲೂ ಹಗುರದ ಮೂಟೆಯೇ ಬರ್ತದೆ. ಹೇಗೆ ಬರ್ತದೆ ಅಂತ ನಾನು ಕೇಳುದಿಲ್ಲ. ಕೇಳಿದ್ರೆ ಮರುದಿವಸ ಬರುದಿಲ್ಲ."

"ನಾನು ಕೇಳಿ ಆಯ್ತಲ್ಲ ಬಾವಾಕ. ಈಗ ಎಂತ ಮಾಡುದು?"

ಅಹ್ಮದ್ ಬಾವ ತಲೆಯ ಮುಂಡಾಸು ಬಿಚ್ಚಿ ಕೊಡವಿ ಮತ್ತೆ ಸುತ್ತಿಕೊಂಡ. "ಅದು ನನಗೆ ಗೊತ್ತಿಲ್ಲ," ಎಂದು ಹೇಳಿ ಮೂಟೆಗಳ ಕಡೆಗೆ ಹೋದ.

ವಾಲ್ಟರ್ ಪೊರ್ಬು ಒಂದು ಬೆಳಿಗ್ಗೆ ಮೇಜಿನ ಪಕ್ಕ ಬಂದು ನಿಂತ, ಹೋಗಲಿಲ್ಲ. ಬಂದ ಗೆರಸೆಗಳನ್ನು ಕುಶಲಾಳಿಗಿಂತ ಮೊದಲು ತಾನೇ ತೆಗೆದುಕೊಂಡ. ಗೋಡೆಯ ಬುಡದಿಂದ ಹೊರಟ ಗೆರಸೆ ಮಡಿಲು ಮಡಿಲು ದಾಟಿ ಬರುವುದನ್ನು ಕುಶಲಾ ನೋಡುತ್ತಿದ್ದಳು. ಒಬ್ಬಳಾದರೂ ಒಂದು ಕ್ಷಣ ನಿಲ್ಲಿಸಲಿ ಎಂದು ಮನಸ್ಸಿನಲ್ಲೇ ದೈವಕ್ಕೆ ಹೇಳಿಕೊಂಡಳು. ಪೊರ್ಬು ನಿಂತಿರುವಾಗ ಯಾರಿಗೆ ಧೈರ್ಯ? ರೊಸಾಲಿನ್ ಕೈಯಲ್ಲಿ ಮಾತ್ರ ಅದು ಸ್ವಲ್ಪ ತಡೆಯಿತು. ಅವಳ ಬೆರಳು ಬೀಜದ ಮೇಲೆ ಸುಳಿದು ಹಾಗೆಯೇ ಹಿಂದೆ ಬಂತು.

ಪೊರ್ಬು ಗೆರಸೆ ನೋಡಿದ. ಯಾರದೆಂದು ಕೇಳಲಿಲ್ಲ, ಕೇಳಬೇಕಾಗಿಯೂ ಇರಲಿಲ್ಲ. ಕುಶಲಾಳನ್ನು ಹೊರಗೆ ಕರೆದ. ತಪ್ಪು ತನ್ನದೇ, ಬೇಕಾದರೆ ತನ್ನನ್ನು ತೆಗೆದುಹಾಕಿ ಎಂದು ಅವಳು ಅಂಗಲಾಚಿದಳು.

"ನೀನು ಹೋದ್ರೆ ಹಳೇ ಮೇಸ್ತ್ರಿ ಬರ್ತಾನೆ," ಎಂದ ಪೊರ್ಬು, ತಗ್ಗಿದ ದನಿಯಲ್ಲಿ. "ಬಂದವನು ಮೊದಲು ಮಾಡುವ ಕೆಲಸ ಎಂತ ಹೇಳು. ಅವಳೂ ಹೋಗ್ತಾಳೆ, ನೀನೂ ಹೋಗ್ತಿ. ಸಂಜೆಯೊಳಗೆ ಅವಳಿಗೆ ನೀನೇ ಹೇಳು. ನಾನು ಹೇಳುದಕ್ಕಿಂತ ಅದು ಒಳ್ಳೇದು."

ಒಳ್ಳೆಯದು ಯಾರಿಗೆ ಎಂದು ಕುಶಲಾಳಿಗೆ ತಿಳಿಯಲಿಲ್ಲ.

ಸಂಜೆ ಕೆಲಸ ಬಿಡುವ ಮೊದಲು ಅವಳು ಸಾಲಿನ ಉದ್ದಕ್ಕೂ ನಡೆದು ಗೋಡೆಯ ಬುಡಕ್ಕೆ ಹೋಗಿ ಕಿನ್ನಿಯಕ್ಕನ ಎದುರು ಕುಕ್ಕರುಗಾಲಿನಲ್ಲಿ ಕೂತಳು. ನಾಳೆಯಿಂದ ಬರುವುದು ಬೇಡವೆಂದು ಹೇಳಿದಳು. ಹೇಗೆ ಹೇಳಿದಳೋ, ಆ ಮಾತು ಅವಳಿಗೇ ಮತ್ತೆ ನೆನಪಿಗೆ ಬರಲಿಲ್ಲ.

ಕಿನ್ನಿಯಕ್ಕ ಗೆರಸೆಯ ಅಂಚು ಹಿಡಿದುಕೊಂಡಿದ್ದಳು. "ನನ್ನ ಕೆಲಸದಲ್ಲಿ ಎಂತ ತಪ್ಪು ಉಂಟು?" ಎಂದು ಕೇಳಿದಳು.

ಸಾಲಿನ ಬೆರಳುಗಳೆಲ್ಲ ನಿಂತವು.

ಕಣ್ಣಿಗೆ ಪೊರೆ ಬಂದಿದೆ ಎನ್ನಬೇಕೇ? ಇಷ್ಟು ಕಾಲ ಹೆಕ್ಕಿದ್ದು ನೀನಲ್ಲ, ನಾವು ಎನ್ನಬೇಕೇ? ಕೂಲಿ ಹೇಗೂ ಹೋಯಿತು. ಅವಳಿಗೆ ಉಳಿದದ್ದು ತಾನು ಒಳ್ಳೆಯ ಹೆಕ್ಕುವವಳು ಎಂಬ ಒಂದು ನಂಬಿಕೆ.

"ತಪ್ಪೇನೂ ಇಲ್ಲ ಕಿನ್ನಿಯಕ್ಕ."

"ಹಾಗಾದ್ರೆ ನೀನೇ ಹೇಳಿ ತೆಗೆಸಿದ್ದು."

ಕುಶಲಾ ಸಾಲಿನ ಕಡೆ ನೋಡಿದಳು. ಎಲ್ಲರೂ ತಲೆ ತಗ್ಗಿಸಿದ್ದರು. ರೊಸಾಲಿನ್‌ನ ಉಪ್ಪು ನಾಲಗೆಯೂ ಏಳಲಿಲ್ಲ. ಅಲ್ಲಿದ್ದ ಯಾರಾದರೂ ಒಂದು ಮಾತು ಆಡಿದ್ದರೆ ಕುಶಲಾ ಉಳಿಯುತ್ತಿದ್ದಳು, ಕಿನ್ನಿಯಕ್ಕ ಒಡೆದುಹೋಗುತ್ತಿದ್ದಳು. ಯಾರೂ ಆಡಲಿಲ್ಲ.

"ಹೌದು," ಎಂದಳು ಕುಶಲಾ. "ನಾನೇ."

"ಹೆಕ್ಕಲಿಕ್ಕೆ ಕಲಿಸಿದವಳು ಎದುರಿಗೆ ಕೂತ್ರೆ ಮೇಸ್ತ್ರಿಗೆ ಮರ್ಯಾದೆ ಕಡಿಮೆ ಅಲ್ವಾ," ಎಂದು ಹೇಳಿ ಕಿನ್ನಿಯಕ್ಕ ಎದ್ದಳು. ಎದ್ದವಳ ಸೆರಗು ತಾಗಿ ಗೆರಸೆ ಮಗುಚಿತು. ಬೀಜವೆಲ್ಲ ನೆಲಕ್ಕೆ ಹರಡಿತು. ಅವಳು ಅದನ್ನು ತುಳಿದುಕೊಂಡೇ, ಗೋಡೆಯನ್ನು ಕೈಯಿಂದ ತಡವಿಕೊಂಡು ಬಾಗಿಲ ಕಡೆಗೆ ಹೊರಟಳು.

ಅವಳು ಬಾಗಿಲು ದಾಟಿದಳು. ಆಮೇಲೆ ಕುಶಲಾ ಮಂಡಿಯೂರಿ ಚೆಲ್ಲಿದ್ದನ್ನು ಹೆಕ್ಕತೊಡಗಿದಳು. ಪಕ್ಕದಲ್ಲಿದ್ದವಳು ಕೈ ಚಾಚಿ ಎರಡು ಹಿಡಿ ಎತ್ತಿ ಗೆರಸೆಗೆ ಹಾಕಿ, "ಬಿಡಿ ಮೇಸ್ತ್ರಿ, ನಾವು ಹೆಕ್ತೇವೆ," ಎಂದಳು. ಕುಶಲಾಳಿಗೆ ಏಳಲು ಆಗಲಿಲ್ಲ.