ಗಿಳಿ ತೆಗೆದ ಎಲೆ

ಮಧ್ಯಾಹ್ನ ಮೂರು ಗಂಟೆಗೆ ಗದಗಿನ ಒಂದು ಮುದ್ರಣಾಲಯದಲ್ಲಿ ನಾನು ಕತ್ತರಿಸುವ ಯಂತ್ರದಿಂದ ಹೊರಬಂದೆ. ನಾನು ಒಂದು ಕಟ್ಟು ಆಟದ ಎಲೆ. ಇಸ್ಪೀಟಿನಂತೆ ರಾಜ, ರಾಣಿ ನನ್ನಲ್ಲಿಲ್ಲ. ಪ್ರತಿ ಎಲೆಯ ಮುಂಬದಿಯಲ್ಲಿ ಮನುಷ್ಯರನ್ನು ಕಾಡುವ ಒಂದು ಯೋಚನೆ ದಪ್ಪಕ್ಷರದಲ್ಲಿದೆ: 'ಎಲ್ಲರೂ ನನ್ನನ್ನು ನೋಡಿ ನಗುತ್ತಾರೆ', 'ಒಂದು ತಪ್ಪಿದರೆ ಎಲ್ಲವೂ ಹಾಳು'. ಆ ಯೋಚನೆ ಎಲ್ಲಿ ದಾರಿ ತಪ್ಪಿದೆ ಎಂಬುದು ಹಿಂಬದಿಯಲ್ಲಿ, ಸಣ್ಣಕ್ಷರದಲ್ಲಿ. ಒಬ್ಬರು ಎಲೆ ಓದಬೇಕು, ಉಳಿದವರು 'ಪುರಾವೆ ಏನು?' ಎಂದು ಕೇಳಬೇಕು, ಆಮೇಲೆ ಮಗುಚಬೇಕು. ಆಟ ಅಷ್ಟೇ.

ಆಪ್ತಸಮಾಲೋಚಕಿ ವನಜಾಕ್ಷಿ ಮೇಡಂ ನನ್ನನ್ನು ಕೊಂಡು ಒಂದು ನರ್ಸಿಂಗ್ ಶಾಲೆಯ ಹಾಸ್ಟೆಲಿಗೆ ತಂದರು. ಹುಡುಗಿಯರನ್ನು ಕೂರಿಸಿಕೊಂಡು ಆಡಿಸಿದರು. ಬೇಸಿಗೆಯಲ್ಲಿ ಅವರಿಗೆ ವರ್ಗವಾಯಿತು. ನಾನು ಊಟದ ಕೋಣೆಯ ಕಿಟಕಿಯಲ್ಲಿ ಉಳಿದೆ.

ಬಸ್ ನಿಲ್ದಾಣದ ಎದುರು ಗಿಳಿಶಾಸ್ತ್ರದವನೊಬ್ಬ ಕೂರುತ್ತಿದ್ದ. ಭವಿಷ್ಯದ ಎಲೆ ಎತ್ತಿಕೊಡುವ ಅವನ ಗಿಳಿಯನ್ನು ಅಣಕಿಸಲು ಸುವಾಸಿನಿ ಎಂಬ ಹಿರಿಯ ವಿದ್ಯಾರ್ಥಿನಿ ನನ್ನನ್ನು ನೆಲದ ಮೇಲೆ ಹರಡಿ, ಕತ್ತು ಕೊಂಕಿಸಿ, ಹಲ್ಲಿನಲ್ಲಿ ಒಂದು ಎಲೆ ಎತ್ತಿ ಕೊಡುತ್ತಿದ್ದಳು. ಮೊದಮೊದಲು ಎಲ್ಲರೂ ನಕ್ಕರು. ಆಮೇಲೆ ಯಾರಿಗೋ ಎಲೆಯಲ್ಲಿ ಬಂದಂತೆಯೇ ಆಯಿತು. ಪರೀಕ್ಷೆಯ ದಿನ ಎಲೆ ತೆಗೆಸದೆ ಯಾರೂ ಹೊರಡದ ರೂಢಿ ಬಿತ್ತು. ಪರೀಕ್ಷೆಯ ಮಾತಿಲ್ಲದ ಎಲೆ ಬಂದರೆ ಒಳ್ಳೆಯ ಶಕುನ; ಹಿಂಬದಿಯ ಸಣ್ಣಕ್ಷರವನ್ನು ಯಾರೂ ಓದುತ್ತಿರಲಿಲ್ಲ.

ಅಂದು ಗುರುದೇವಿಗೆ ಮರುಪರೀಕ್ಷೆ. ಹಿಂದಿನ ಸಲ ಪರೀಕ್ಷಕರ ಮುಂದೆ ಅವಳ ಬಾಯಿ ಕಟ್ಟಿತ್ತು. ಈ ಸಲವೂ ತಪ್ಪಿದರೆ ಶಾಲೆ ಬಿಡಬೇಕು. ಇಸ್ತ್ರಿ ಮಾಡಿದ ಸಮವಸ್ತ್ರದಲ್ಲೇ ಬಂದು ಕೂತಳು.

"ಗಿಳಿಯವ್ವಾ, ನಂದೊಂದು ತಗಿ. ಚಲೋದ ತಗೀಬೇಕ ನೋಡು."

"ಪ್ಯಾರಲ ಹಣ್ಣ ಕೊಟ್ರ ಚಲೋದು, ಇಲ್ಲಾಂದ್ರ ಸಿಕ್ಕಿದ್ದು," ಎಂದು ಸುವಾಸಿನಿ ಬಾಗಿ ಒಂದನ್ನು ಎತ್ತಿದಳು.

'ನಾನು ಖಂಡಿತ ಫೇಲಾಗುತ್ತೇನೆ.'

ಗುರುದೇವಿ ಅದನ್ನು ಓದಿ, ಅಂಗೈಯಲ್ಲಿ ಒತ್ತಿ ಹಿಡಿದಳು.

"ಹುಚ್ಚಿ, ಇದು ಆಟ ಐತಿ! ತಡಿ, ಇನ್ನೊಂದ ತಗೀತೀನಿ."

"ಎರಡನೇದು ನಡ್ಯಂಗಿಲ್ಲಕ್ಕಾ. ನೀನ ಹೇಳಿದ್ದಿ."

ಆ ಎಲೆಯ ಹಿಂಬದಿಯಲ್ಲಿ ಹೀಗಿದೆ: 'ಇದು ನಡೆದ ಸಂಗತಿಯಲ್ಲ. ಮನಸ್ಸು ಮುಂದಿನದನ್ನು ಊಹಿಸುತ್ತಿದೆ.' ಅಷ್ಟೂ ಅಕ್ಷರ ಅವಳ ಅಂಗೈಗೆ ಒತ್ತಿಕೊಂಡಿತ್ತು. ಮಗುಚಲು ನನಗೆ ಕೈಯಿಲ್ಲ, ಓದಿ ಹೇಳಲು ಬಾಯಿಲ್ಲ. ಅವಳ ಬೆವರಿಗೆ ಎಲೆ ಮೆತ್ತಗಾಯಿತು.

ಈಗ ನಾನು ವಾರ್ಡನ್ನರ ಕಪಾಟಿನಲ್ಲಿದ್ದೇನೆ, ರಬ್ಬರ್‌ಬ್ಯಾಂಡ್ ಸುತ್ತಿಕೊಂಡು. ನನ್ನನ್ನು ಬರೆದವರು ತಪ್ಪೇನೂ ಬರೆದಿರಲಿಲ್ಲ. ಹೆದರಿದವರೂ ಎರಡೂ ಬದಿ ಓದುತ್ತಾರೆ ಎಂದುಕೊಂಡಿದ್ದರು.

ಉಳಿದದ್ದು ಸುವಾಸಿನಿ ಅಳುತ್ತ ವಾರ್ಡನ್ನರಿಗೆ ಹೇಳಿದಾಗ ಕೇಳಿದ್ದು. ಹತ್ತು ಗಂಟೆಗೆ ಗುರುದೇವಿಯ ಹೆಸರು ಕೂಗಿದಾಗ ಅವಳು ತನ್ನ ಊರಿನ ಬಸ್ ಹತ್ತಿಯಾಗಿತ್ತು. ಪರೀಕ್ಷಕರು ಸ್ವಲ್ಪ ಹೊತ್ತು ಕಾದು, ಮುಂದಿನ ಹುಡುಗಿಯನ್ನು ಒಳಗೆ ಕರೆದರು.